ಕೆಲಸದ ನಿಷ್ಠೆ ಸಾಕೇ?
(ವಾಚನಾಲಯದ ಕೂಟದಲ್ಲಿ ಮಾಡಿದ ಭಾಷಣ)



ಜಪಾನಿನ ಹಯಾವೊ ಮಿಯಾಝಾಕಿಯವರು 2013ರಲ್ಲಿ ತೆಗೆದ ‘ಕಝೆ ತಚಿನು’ ಎಂಬ ಕಾರ್ಟೂನು ಚಿತ್ರ ನೋಡುಗರನ್ನು ಪಂಗಡಗಳಾಗಿ ಒಡೆಯಿತು. ಅದರ ನಾಯಕ ಜಿರೊ ಹೊರಿಕೋಶಿ, ಝೀರೋ ಯುದ್ಧವಿಮಾನದ ನಕ್ಷೆ ತಯಾರಿಸಿದ ಇಂಜಿನಿಯರು. ಜಪಾನಿನಲ್ಲೇ ಕೆಲವರು ಮಿಯಾಝಾಕಿಯವರನ್ನು ದೇಶದ್ರೋಹಿಯೆಂದು ಜರೆದರು. ಅದೇ ಬೇಸಗೆಯಲ್ಲಿ, ಶಾಂತಿಯ ಸಂವಿಧಾನವನ್ನು ತಿದ್ದಕೂಡದೆಂದು ಅವರು ಲೇಖನ ಬರೆದದ್ದೂ ಆ ಕೋಪಕ್ಕೆ ಕಾರಣ. ಕೊರಿಯದಲ್ಲಾದರೋ, ಯುದ್ಧವಿಮಾನ ಕಟ್ಟಿದವನನ್ನು ಚೆಂದಗಾಣಿಸಿದರೆಂದು ಹಲವರು ನೊಂದರು. ಜಪಾನಿನ ಆಳ್ವಿಕೆಯಲ್ಲಿ ನರಳಿದವರ ಆ ನೋವು ನ್ಯಾಯವಾದದ್ದೇ. ಪಾತ್ರಗಳು ಬಹಳ ಸಿಗರೇಟು ಸೇದುತ್ತವೆಂದು ತಂಬಾಕು ವಿರೋಧಿ ಸಂಘವೊಂದು ಆಕ್ಷೇಪಿಸಿತು!

ಚಿತ್ರದಲ್ಲೊಂದೆಡೆ, ಬಂದೂಕುಗಳನ್ನು ಬಿಟ್ಟರೆ ವಿಮಾನ ಹಗುರಾದೀತೆಂದು ಜಿರೊ ಹೇಳುತ್ತಾನೆ. ಜೊತೆಯವರು ನಗುತ್ತಾರೆ, ಕೆಲಸ ಮುಂದುವರಿಯುತ್ತದೆ. ಕೊನೆಯಲ್ಲಿ ಅವನೇ ಹೇಳುತ್ತಾನೆ: ಹೋದ ವಿಮಾನಗಳಲ್ಲಿ ಒಂದೂ ಮರಳಲಿಲ್ಲ.

ನನ್ನನ್ನು ಕೊರೆಯುವುದು ಆ ನಗು. ಗಿರಣಿಯಲ್ಲಿ ನಾವು ಥಾನುಗಳ ಲೆಕ್ಕ ಬರೆಯುತ್ತೇವೆ. ಅವು ಎಲ್ಲಿಗೆ, ಯಾವುದಕ್ಕೆ ಹೋಗುತ್ತವೆಂದು ಕೇಳುವುದಿಲ್ಲ. ಕೇಳಿದರೆ ಅನ್ನಕ್ಕೆ ಕುತ್ತು ಬಂದೀತೆಂಬ ಅಂಜಿಕೆ. ಜಿರೊ ಸಜ್ಜನ, ದುಡಿಮೆಗಾರ. ಅಷ್ಟರಿಂದಲೇ ಅವನ ಹೊಣೆ ತೀರಿತೇ? ನನಗೆ ತೀರಿತೆಂದು ತೋರುವುದಿಲ್ಲ. ತಾವೂ ಚಿತ್ರ ನೋಡಿ, ಮುಂದಿನ ಕೂಟದಲ್ಲಿ ತಮ್ಮ ಅಭಿಪ್ರಾಯ ತಿಳಿಸಬೇಕು.