ಗಿರಣಿ ಬಂತು, ಹಾಡು ಎಲ್ಲಿ ಹೋಯಿತು?

(ಬೆಂಗಳೂರಿನಲ್ಲಿ ಯುವಕರ ಸಭೆಯೊಂದರಲ್ಲಿ ಆಡಿದ ಮಾತು)



ನಾನು ಕಲಬುರಗಿ ಜಿಲ್ಲೆ, ಚಿಂಚೋಳಿ ತಾಲ್ಲೂಕಿನ ಐನಾಪುರದವನು. ನಮಗೆ ಬೆಂಗಳೂರಿಗಿಂತ ಹೈದರಾಬಾದೇ ಹತ್ತಿರ. ಇಲ್ಲಿಗೆ ಬಂದ ಹೊಸದರಲ್ಲಿ ಒಂದು ಅಂಗಡಿಯಲ್ಲಿ 'ಎಷ್ಟ್ರೀ ಇದಕ್ಕ?' ಎಂದೆ. ಅಂಗಡಿಯವ ನಕ್ಕು, 'ನಿಮ್ದು ಯಾವ ಭಾಷೆ ಸಾರ್?' ಎಂದ. ಕೇಳಿದವನೂ ಕನ್ನಡಿಗನೇ! ಅಂದು ರಾತ್ರಿ ಊರು ನೆನಪಾಯಿತು. ಮನೆಯಲ್ಲ, ತೊಗರಿ ಹೊಲವಲ್ಲ. ಬೀಸುಕಲ್ಲಿನ ಮುಂದೆ ಕೂತ ನಮ್ಮ ಆಯಿಯ ದನಿ.

ಬೀಸುವ ಹಾಡೆಂದರೆ ನಿಮಗೆ ವೇದಿಕೆಯ ಮೇಲೆ ಇಳಕಲ್ ಸೀರೆ ಉಟ್ಟು ಹಾಡುವುದು. ನಮ್ಮಲ್ಲಿ ಅದು ದುಡಿಮೆ. ಬೆಳಗಿನ ಜಾವ, ಎದುರುಬದುರು ಇಬ್ಬರು ಹೆಂಗಸರು, ನಡುವೆ ಕಲ್ಲು. ಒಂದೊಂದೇ ಹಿಡಿ ಜೋಳ ಹಾಕುತ್ತ ಗೂಟ ತಿರುಗಿಸಬೇಕು. ಕಲ್ಲು ತಿರುಗಿದಂತೆ ತ್ರಿಪದಿ. ಅದರಲ್ಲಿ ಏನಿರುತ್ತದೆ? ತವರು! ಪಂಚಮಿಗೆ ಕರೆಯಲು ಬರಬೇಕಾದ ಅಣ್ಣ! ಅತ್ತೆಯೆದುರು ಆಡಲಾಗದ್ದನ್ನು ಕಲ್ಲಿನೆದುರು ಹಾಡುತ್ತಿದ್ದರು. ಅತ್ತೆಗೂ ಕೇಳಿಸುತ್ತಿತ್ತು, ಬಿಡಿ. ಹಾಡಿದ್ದಕ್ಕೆ ಬೈಯುವುದು ಹೇಗೆ?

ನಮ್ಮ ಸೀಮೆ 1948ರ ಸೆಪ್ಟೆಂಬರ್ 17ರವರೆಗೆ ನಿಜಾಮನ ಕೈಯಲ್ಲಿತ್ತು. ಕಚೇರಿಯಲ್ಲಿ ಉರ್ದು. ಹಾಗಾದರೆ ಕನ್ನಡವನ್ನು ಕಾದವರು ಯಾರು? ಅಕ್ಷರ ಗೊತ್ತಿಲ್ಲದ ಈ ಹೆಂಗಸರು! ಏಕತಾರಿ ಹಿಡಿದು ಕಡಕೋಳ ಮಡಿವಾಳಪ್ಪನವರ ತತ್ವಪದ ಹಾಡಿದವರು! ಮೊಹರಮ್ಮಿನಲ್ಲಿ ಹಿಂದೂ-ಮುಸ್ಲಿಮರೆನ್ನದೆ ಕೂಡಿ ರಿವಾಯತ ಪದ ಹೇಳಿದವರು! ಅತ್ತ ವಿಜಯಪುರ ಜಿಲ್ಲೆಯ ಹಲಸಂಗಿಯಲ್ಲಿ ಮಧುರಚೆನ್ನ, ಸಿಂಪಿ ಲಿಂಗಣ್ಣ, ಧೂಲಾಸಾಹೇಬ ಮುಂತಾದ ಗೆಳೆಯರು ಹೆಂಗಸರ ಬಾಯಿಂದ ತ್ರಿಪದಿ ಬರೆದುಕೊಂಡು 1931ರಲ್ಲಿ 'ಗರತಿಯ ಹಾಡು' ಎಂದು ಅಚ್ಚು ಹಾಕಿಸಿದರು. ಆಗ ಅವರೂ ನಿಮ್ಮಂಥ ಹುಡುಗರೇ.

ಆಮೇಲೆ ಊರಿಗೆ ಹಿಟ್ಟಿನ ಗಿರಣಿ ಬಂತು. ಸುಳ್ಳು ಯಾಕೆ ಹೇಳಲಿ, ನನಗೆ ಖುಷಿಯೇ ಆಯಿತು. ಅವ್ವನ ಅಂಗೈಯ ಬೊಬ್ಬೆ ಕಂಡವನು ನಾನು. ಕಲ್ಲು ಮತ್ತೆ ಬರಲಿ ಎನ್ನುವವರು ಒಂದು ಸೇರು ಜೋಳ ಬೀಸಿ ನೋಡಲಿ! ಆದರೆ ಕಲ್ಲು ನಿಂತ ದಿನವೇ ಹಾಡೂ ನಿಂತಿತು. ಅದನ್ನು ಯಾರೂ ಗಮನಿಸಲಿಲ್ಲ, ನಾನೂ ಸೇರಿ.

ಮೊನ್ನೆ ಇಲ್ಲೇ ಒಂದು ಕಟ್ಟಡದ ಕೆಲಸ ನಡೆದಿತ್ತು. ತಗಡಿನ ಶೆಡ್ಡಿನ ಮುಂದೆ ನಮ್ಮ ಕಡೆಯ ಹೆಣ್ಣುಮಗಳೊಬ್ಬಳು ರೊಟ್ಟಿ ಬಡಿಯುತ್ತ ಗುನುಗುತ್ತಿದ್ದಳು. ಅದೇ ಧಾಟಿ! ರೊಟ್ಟಿ ಬಡಿತಕ್ಕೆ ಹೊಂದಿಸಿಕೊಂಡಿದ್ದಳು. ಅವಳಿಗೀಗ ಅತ್ತೆಮನೆಯೂ ತವರೇ, ಪರಸ್ಥಳವೆಂದರೆ ಬೆಂಗಳೂರು. 'ಯಾವೂರ ತಂಗಿ?' ಎಂದೆ. ಹಾಡು ನಿಲ್ಲಿಸಿ ತಲೆಯ ಮೇಲೆ ಸೆರಗು ಎಳೆದುಕೊಂಡಳು. ನಾಚಿಕೆಯಲ್ಲ, ಅಂಜಿಕೆ. ಆ ಅಂಗಡಿಯವನ ನಗು ಅವಳಿಗೂ ಗೊತ್ತಿರಬೇಕು.

ಆಯಿಗೆ ಫೋನು ಮಾಡಿ, ಒಂದು ಹಾಡು ಹೇಳು ಎಂದೆ. 'ಕಲ್ಲಿಲ್ಲದ ಹ್ಯಾಂಗ ಹಾಡ್ಲೋ ತಮ್ಮಾ, ನೆನಪ ಬರೂದುಲ್ಲ' ಅಂದಳು. ಕಲ್ಲು ಹಿತ್ತಲಲ್ಲಿ, ಬಚ್ಚಲ ಪಕ್ಕ ಬಿದ್ದಿದೆ. ಪಂಚಮಿಗೆ ಊರಿಗೆ ಹೊರಟಿದ್ದೇನೆ. ಅದನ್ನು ತೊಳೆದು ಆಯಿಯ ಮುಂದೆ ಇಡಬೇಕು. ಎತ್ತಲು ಇಬ್ಬರು ಬೇಕು. ಬರೆದುಕೊಳ್ಳಲು ಇನ್ನೊಬ್ಬರು. ಯಾರು ಬರುತ್ತೀರಿ?