ಹಾಜರಿ ಪುಸ್ತಕದಲ್ಲಿ ಇಲ್ಲದ ಕೆಲಸ

ಸೊಲ್ಲಾಪುರದ ಹತ್ತಿರ ಚಿಂಚೋಳಿ ಎಂಐಡಿಸಿ ಕೈಗಾರಿಕಾ ಪ್ರದೇಶದಲ್ಲಿ ಈ ಹೊತ್ತಿಗೆ ಬೆಳಗಿನ ಪಾಳಿ ಶುರುವಾಗಿರುತ್ತದೆ. ಕಾರ್ಖಾನೆ ಕೆಲಸ ಬಲ್ಲವರಿಗೆಲ್ಲ ಇದು ಗೊತ್ತು: ಎಷ್ಟೋ ಕಡೆ ಹಾಜರಿ ಪುಸ್ತಕದಲ್ಲಿ ಹೆಲ್ಪರ್ ಎಂದು ಬರೆದಿರುತ್ತದೆ, ಮಶೀನು ಓಡಿಸುವವನೂ ಅವನೇ ಆಗಿರುತ್ತಾನೆ. ಹಾಗೆ ದುಡಿದ ಒಬ್ಬ ಕ್ರಿಕೆಟ್ ಆಟಗಾರ ನನಗೆ ಮತ್ತೆ ಮತ್ತೆ ನೆನಪಾಗುತ್ತಾರೆ.

ಪಾಳವಣಕರ ಬಾಳೂ ಹುಟ್ಟಿದ್ದು 1876ರಲ್ಲಿ, ನಮ್ಮ ಧಾರವಾಡದಲ್ಲಿ. ಚಮ್ಮಾರ ಸಮುದಾಯದ ಕುಟುಂಬ, ತಂದೆ ಸೈನ್ಯದಲ್ಲಿದ್ದರು. ಪುಣೆಯ ಪಾರ್ಸಿ ಕ್ಲಬ್ಬಿನಲ್ಲಿ ಮೈದಾನ ಗುಡಿಸಿ ರೋಲರ್ ಎಳೆದರೆ ತಿಂಗಳಿಗೆ 3 ರೂಪಾಯಿ. 1892ರ ಸುಮಾರಿಗೆ ಬಿಳಿಯರ ಪೂನಾ ಕ್ಲಬ್ಬಿಗೆ ಬಂದರು, ಅಲ್ಲಿ 4 ರೂಪಾಯಿ. ಸಂಬಳ ಪಿಚ್ಚಿನ ಕೆಲಸಕ್ಕೆ. ನೆಟ್ಟಿನಲ್ಲಿ ಗಂಟೆಗಟ್ಟಲೆ ಎಡಗೈ ಸ್ಪಿನ್ ಹಾಕುತ್ತಿದ್ದವರೂ ಅವರೇ. ಗ್ರೆಗ್ ಎಂಬ ಇಂಗ್ಲಿಷ್ ಆಟಗಾರ ತನ್ನನ್ನು ಔಟ್ ಮಾಡಿದಾಗಲೆಲ್ಲ ಎಂಟಾಣೆ ಕೊಡುತ್ತಿದ್ದನೆಂದು ಹೇಳುತ್ತಾರೆ. ಬ್ಯಾಟು ಮಾತ್ರ ಬಾಳೂ ಕೈಗೆ ಬರಲಿಲ್ಲ, ಅದು ಸಾಹೇಬರದು.

ಮುಂದೆ ಪುಣೆಯ ಹಿಂದೂ ತಂಡ ಅವರನ್ನು ಸೇರಿಸಿಕೊಂಡಿತು. ಅವರ ಕೈಯಿಂದ ಬಂದ ಚೆಂಡನ್ನು ಜೊತೆಯವರೆಲ್ಲ ಮುಟ್ಟಿದರು. ಚಹಾದ ವೇಳೆಗೆ ಮಾತ್ರ ಬಾಳೂ ಪೆವಿಲಿಯನ್ನಿನ ಹೊರಗೆ, ಬೇರೆ ಮಣ್ಣಿನ ಕುಡಿಕೆಯಲ್ಲಿ. ಇದನ್ನು ಓದಿದಾಗಲೆಲ್ಲ ನನಗೆ ಹೊಟ್ಟೆಯಲ್ಲಿ ಸಂಕಟವಾಗುತ್ತದೆ.

ಪ್ರಥಮ ದರ್ಜೆಯ ದಾಖಲೆಯಲ್ಲಿ ಅವರ ಹೆಸರಿಗಿರುವುದು ಬರೀ 33 ಪಂದ್ಯ, 179 ವಿಕೆಟ್. ಆ ಲೆಕ್ಕ ಶುರುವಾದಾಗಲೇ ಅವರಿಗೆ ಮೂವತ್ತರ ಹತ್ತಿರ ವಯಸ್ಸು. ಅಂಥ ಪಂದ್ಯಗಳೂ ಆಗ ಅಪರೂಪ. 1911ರಲ್ಲಿ ಪಟಿಯಾಲದ ಮಹಾರಾಜರ ನಾಯಕತ್ವದ ತಂಡದ ಜೊತೆ ಇಂಗ್ಲೆಂಡಿಗೆ ಹೋದರು. ತಂಡ ಗೆದ್ದದ್ದಕ್ಕಿಂತ ಸೋತದ್ದೇ ಹೆಚ್ಚು. ಬಾಳೂ ಒಬ್ಬರೇ ಆ ಪ್ರವಾಸದಲ್ಲಿ 114 ವಿಕೆಟ್ ಕಿತ್ತರು. ಅಷ್ಟಾದರೂ ಮುಂಬಯಿಯ ಹಿಂದೂ ತಂಡದ ನಾಯಕರಾಗಿ ಅವರನ್ನು ಆರಿಸಲಿಲ್ಲ. 1923ರಲ್ಲಿ ಆ ಸ್ಥಾನ ಅವರ ತಮ್ಮ ವಿಠ್ಠಲರಿಗೆ ಸಿಕ್ಕಿತು. ಅಷ್ಟರಲ್ಲಿ ಬಾಳೂ ಆಟ ಮುಗಿಸಿದ್ದರು.

ಪೂನಾ ಕ್ಲಬ್ಬಿನ ನೆಟ್ಟಿನಲ್ಲಿ ಅವರು ಹಾಕಿದ ಚೆಂಡುಗಳು ಯಾವ ದಾಖಲೆಯಲ್ಲೂ ಇಲ್ಲ. ಕಲಿತದ್ದು ಅಲ್ಲಿ, ಪಳಗಿದ್ದು ಅಲ್ಲಿ, ಬೆವರು ಸುರಿಸಿದ್ದೂ ಅಲ್ಲಿ. ಕ್ಲಬ್ಬಿನ ಲೆಕ್ಕಕ್ಕೆ ಅವರು ಮೈದಾನದ ಆಳು.

ಪಾಳಿಯ ಹಾಜರಿ ಬರೆಯುವ ಸೂಪರ್‌ವೈಸರ್ ಅಣ್ಣಂದಿರೇ, ಮಶೀನು ಓಡಿಸುವವನ ಹೆಸರಿನ ಮುಂದೆ ಇವತ್ತು ಅವನು ಮಾಡುವ ಕೆಲಸವನ್ನೇ ಬರೆಯಿರಿ.