ಗಂಧಸಾಲೆಯ ಗಂಧ ಎಲ್ಲಿದೆ?

(ಬಿಳಿಕೆರೆಯಲ್ಲಿ ಮಾಡಿದ ಭಾಷಣ)



ಗಂಧಸಾಲೆ, ಜೀರಿಗೆ ಸಣ್ಣ ಭತ್ತಗಳು ಮೊದಲಿನಂತೆ ಘಮಘಮಿಸುವುದಿಲ್ಲವೆಂದು ಹಿರಿಯರು ಕೊರಗುವುದುಂಟು. ಅದಕ್ಕೆ ಸರ್ಕಾರಿ ಗೊಬ್ಬರವೊಂದನ್ನೇ ದೂರುವುದು ವಾಡಿಕೆ. ನಾನಾದರೋ ಮೊದಲು ಬೀಜದ ಮೂಟೆಯನ್ನು ಶಂಕಿಸುತ್ತೇನೆ.

ಸುವಾಸನೆಯ ಅಕ್ಕಿಯ ಪರಿಮಳಕ್ಕೆ ಮುಖ್ಯ ಕಾರಣ 2-ಅಸಿಟೈಲ್-1-ಪೈರೋಲಿನ್ ಎಂಬ ಸಂಯುಕ್ತ. ಭತ್ತದ ಎಂಟನೆಯ ವರ್ಣತಂತುವಿನಲ್ಲಿರುವ ಬ್ಯಾಡ್-2 ಎಂಬ ವಂಶವಾಹಿಯು ತಯಾರಿಸುವ ಕಿಣ್ವವು, ಸಾಧಾರಣ ಭತ್ತದಲ್ಲಿ, ಇದರ ಕಚ್ಚಾವಸ್ತುವನ್ನು ಬೇರೆ ದಾರಿಗೆ ತಿರುಗಿಸಿಬಿಡುತ್ತದೆ. ಬಾಸ್ಮತಿಯೂ ಸೇರಿದಂತೆ ಹೆಚ್ಚಿನ ಸುವಾಸನೆಯ ತಳಿಗಳಲ್ಲಿ ಆ ವಂಶವಾಹಿಯ ಬರಹದಿಂದ ಎಂಟು ಅಕ್ಷರಗಳು ಉದುರಿಹೋಗಿವೆಯೆಂದು 2005ರಲ್ಲಿ ತಿಳಿದುಬಂದಿತು. ವಂಶವಾಹಿ ಕೆಟ್ಟಿತು, ಅಕ್ಕಿ ಘಮಿಸಿತು! ಆ ಕೆಡುಕನ್ನು ಮೂಗಿನಿಂದಲೇ ಗುರುತಿಸಿ ಉಳಿಸಿದವರು ವಂಶವಾಹಿಯ ಹೆಸರನ್ನೇ ಕೇಳದಿದ್ದ ನಮ್ಮ ಪೂರ್ವಿಕರು.

ಆದರೆ ಇದು ಅಡಗುವ ಗುಣ. ತಂದೆ, ತಾಯಿ ಎರಡೂ ಕಡೆಯಿಂದ ಕೆಟ್ಟ ಪ್ರತಿಯೇ ಬಂದರೆ ಮಾತ್ರ ಪರಿಮಳ. ವಾಸನೆಯಿಲ್ಲದ ತಳಿಯೊಡನೆ ಬೆರೆತ ಗಿಡದ ಕಾಳುಗಳಲ್ಲಿ ಸುಮಾರು ನಾಲ್ಕರಲ್ಲಿ ಒಂದಷ್ಟೇ ಘಮಿಸೀತು. ಭತ್ತವು ಬಹುಮಟ್ಟಿಗೆ ತನ್ನ ಪರಾಗದಿಂದಲೇ ಕಾಳು ಕಟ್ಟುವ ಬೆಳೆಯಾದ್ದರಿಂದ, ಪಕ್ಕದ ಗದ್ದೆಗಿಂತ ನಮ್ಮ ಕಣದ ಬೆರಕೆಯೇ ಹೆಚ್ಚಿನ ಶತ್ರು.

ಹೆಗ್ಗಡದೇವನಕೋಟೆಯ ಗಡಿಯಾಚೆಗಿನ ವಯನಾಡಿನ ಗಂಧಕಸಾಲ, ಜೀರಕಸಾಲ ಭತ್ತಗಳಿಗೆ 2010ರಲ್ಲಿ ಭೌಗೋಳಿಕ ಸೂಚಿಕೆ ದೊರೆಯಿತು. ಸಂತೋಷವೇ, ಆದರೆ ಅದು ಹೆಸರನ್ನು ಕಾಯುತ್ತದೆ, ಕಣಜವನ್ನಲ್ಲ.

ಬೀಜಕ್ಕೆಂದು ಗದ್ದೆಯ ನಡುವಿನಿಂದ ತೆನೆಗಳನ್ನು ಆಯ್ದುಕೊಳ್ಳಿ. ಪ್ರತಿ ತೆನೆಯ ಹತ್ತಾರು ಕಾಳುಗಳನ್ನು ಸುಲಿದು, ಒಂದೊಂದನ್ನೇ ಅಗಿದು ನೋಡಿ. ಒಂದು ಕಾಳು ಸಪ್ಪೆಯಾದರೂ ಆ ತೆನೆ ಅಡುಗೆಮನೆಗೆ ಹೋಗಲಿ.